ಡಾಕ್ಟ್ರಮ್ಮನಿಗೆ ಸಿಕ್ಕ ಮೊಸಳೆ

ಹಾಸನ ಸೀಮೆಯಲ್ಲಿ ಯಾವ ಸರ್ಕಾರಿ ಡಾಕ್ಟರು ರಜೆ ಹಾಕಿದರೂ ಆ ಕುರ್ಚಿಗೆ ಹೋಗಿ ಕೂರುವವಳು ಸೌಜನ್ಯ. ಹರಿದಲ್ಲಿ ತೇಪೆ ಹಾಕಿದಂತೆ ದುದ್ದದಲ್ಲಿ ಹದಿನೆಂಟು ದಿನ, ಚನ್ನರಾಯಪಟ್ಟಣದಲ್ಲಿ ಒಂದು ತಿಂಗಳು, ಅರಕಲಗೂಡು ದಾಟಿ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮುಗಿಯುವವರೆಗೂ ಇದ್ದು ಬಂದವಳು. ಖಾಯಂ ಡಾಕ್ಟರು ವಾಪಸು ಬಂದ ದಿನ ಸ್ಟೆತಸ್ಕೋಪು ಮಡಚಿಕೊಂಡು ಎದ್ದು ಬರಬೇಕು. ದಿನಾ ಹೊಳೆನರಸೀಪುರದ ಮನೆ ಸೇರುವ ಹೊತ್ತಿಗೆ ನಾಲ್ಕೂವರೆ ವರ್ಷದ ಮಗಳು ಧನ್ಯಾ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದಳು. ಹಾಗಿದ್ದರೂ ಬೆಳಿಗ್ಗೆ ಹೊರಡುವಾಗ ಆ ಮಗು ಒಂದು ದಿನವೂ ಅತ್ತದ್ದಿಲ್ಲ. ಗೇಟು ಹಿಡಿದು ಟಾಟಾ ಮಾಡುತ್ತಿತ್ತು.

ಅಂಥದ್ದರಲ್ಲಿ ಒಂದು ಶನಿವಾರ ಮೊಸಳೆ ಎಂಬ ಹಳ್ಳಿಯ ಆಸ್ಪತ್ರೆಗೆ ಆರು ತಿಂಗಳ ಆರ್ಡರು ಬಂತು. ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಸಂಜೆ ಆರಕ್ಕೆಲ್ಲ ಮನೆ. ಗಂಡ ಮೋಹನ್‌ಕುಮಾರ್ ಗೊಬ್ಬರದ ಅಂಗಡಿಯವನು, ಮೆತ್ತಗೆ ಮಾತಾಡಿ ಗೊತ್ತಿಲ್ಲ. ಅವಳ ಫೋನಿನೊಳಗೆ ಇಣುಕಿದವನೇ ಬೀದಿಗೆಲ್ಲ ಕೇಳುವಂತೆ ಕೂಗಿದ.

“ಅವ್ವಾ, ಸೌಜನ್ಯಂಗೆ ಮೊಸಳೆ ಸಿಕ್ತು ಕಣವ್ವಾ!”

ಅತ್ತೆ ಚಿಕ್ಕಲಕ್ಷ್ಮಮ್ಮ ಒಲೆಯ ಮುಂದಿನಿಂದಲೇ ದೇವರಿಗೆ ಕೈ ಮುಗಿದರು. “ಸದ್ಯ ಬುಡಪ್ಪಾ! ನೋಡವ್ವಾ ಸೌಜನ್ಯ, ಸಿಕ್ಕಿರೋ ಮೊಸಳೆಯ ಬುಡಬ್ಯಾಡ. ಗಟ್ಯಾಗಿ ಇಡ್ಕೊ. ಇಲ್ದಿದ್ರೆ ಇನ್ಯಾರಾರಾ ನುಂಗ್ಬುಡ್ತಾರೆ.”

ಅವತ್ತು ಮನೆಯಲ್ಲಿ ಶ್ಯಾವಿಗೆ ಪಾಯಸ. ಧನ್ಯಾ ಲೋಟ ಮುಟ್ಟಲಿಲ್ಲ. ಹಾಲು ಕುಡಿದಷ್ಟು ಖುಷಿಯಲ್ಲಿದ್ದವರಿಗೆ ಮಗುವಿನ ಲೋಟ ಎಲ್ಲಿ ಕಾಣಬೇಕು?

ಸೋಮವಾರ ಬೆಳಿಗ್ಗೆ ರಂಪ ಶುರುವಾಯಿತು. “ಓಗ್ಬ್ಯಾಡ ಅಮ್ಮಾ” ಎಂದು ಮಗು ಉಸಿರು ಕಟ್ಟುವಂತೆ ಅತ್ತು ದುಪಟ್ಟಾ ಬಿಡಲೊಲ್ಲದು. ಮಂಗಳವಾರ ಸ್ಟೆತಸ್ಕೋಪು ರಾಗಿಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಬುಧವಾರ ಚಪ್ಪಲಿಯೇ ಮಾಯ. ಸೌಜನ್ಯ ಅತ್ತೆಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದಳು. ಸಂಜೆಯದು ಇನ್ನೊಂದು ಬಗೆ. ಬಾಗಿಲಲ್ಲೇ ಅವಳನ್ನು ನಿಲ್ಲಿಸಿ ಮಗು ಎರಡೂ ಕೈ ಹಿಡಿದು ಬೆರಳು ಎಣಿಸುತ್ತಿತ್ತು, ಒಂದರಿಂದ ಹತ್ತು. ಆಮೇಲೆ ಕಾಲಿನವು. ಅಂಗನವಾಡಿಯ ಪಾಠ ಒಪ್ಪಿಸುತ್ತಿದೆ ಎಂದುಕೊಂಡಳು ಸೌಜನ್ಯ.

ಕೇಳದಿದ್ದರೂ ಬುದ್ಧಿ ಹೇಳುವುದರಲ್ಲಿ ಪಕ್ಕದ ಮನೆಯ ನೀಲಾಂಬಿಕೆಯವರದು ಧಾರಾಳ ಕೈ. “ನೀನು ಊರೂರು ತಿರುಗಿ ತಿರುಗಿ ಮಗ ಬೆದರ್ಕಂಡದೆ ಕಣಮ್ಮ. ಕೆಲ್ಸ ಎಲ್ಲಿಗೋಯ್ತದೆ? ಮಗೀಗೆ ತಾಯಿ ಬೇಕು” ಎಂದರು ಕಾಂಪೌಂಡಿನ ಮೇಲಿಂದ.

ಆ ಮಾತು ಮುಳ್ಳಿನಂತೆ ನಾಟಿತು. ಕೆಲಸವೆಂದರೆ ಸೌಜನ್ಯಳಿಗೆ ಪ್ರಾಣ. ಯಾರೋ ಮುದುಕಿಯ ಬೆನ್ನಿಗೆ ಸ್ಟೆತಸ್ಕೋಪಿಟ್ಟು ಉಸಿರು ಕೇಳುವಾಗಿನ ಸಮಾಧಾನ ಅವಳಿಗೆ ಬೇರೆಲ್ಲೂ ಸಿಕ್ಕಿದ್ದಿಲ್ಲ. ಆದರೆ ಮಗಳಿಗಿಂತ ಹೆಚ್ಚೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಶನಿವಾರ ಮಧ್ಯಾಹ್ನ ಆಸ್ಪತ್ರೆಯಲ್ಲೇ ಕೂತು ರಾಜೀನಾಮೆ ಬರೆದಳು. ಸೋಮವಾರ ಹಾಸನಕ್ಕೆ ಹೋಗಿ ಕೊಟ್ಟುಬಿಡುವುದು. ಆಮೇಲೆ ಒಬ್ಬರಿಗೆ ಇಂಜೆಕ್ಷನ್ ತುಂಬಿಸುವಾಗ ಕಣ್ಣು ಮಂಜಾಗಿ, ಔಷಧಿಯ ಗಾಜಿನ ಸೀಸೆಯ ಮೂತಿ ಮುರಿಯಲು ಹೋಗಿ ಬಲಗೈ ಹೆಬ್ಬೆರಳು ಕೊಯ್ದುಕೊಂಡಳು. ನರ್ಸು ದಪ್ಪಗೆ ಪಟ್ಟಿ ಸುತ್ತಿದಳು.

ಸಂಜೆ ಬಾಗಿಲಲ್ಲಿ ಧನ್ಯಾ ಕಾದಿದ್ದಳು. ಎಡಗೈ ಐದು. ಬಲಗೈಯಲ್ಲಿ ಆರು, ಏಳು, ಎಂಟು, ಒಂಬತ್ತು. ಅಲ್ಲಿಗೆ ನಿಂತಿತು. ಹೆಬ್ಬೆರಳಿರಬೇಕಾದ ಕಡೆ ಬಿಳೀ ಉಂಡೆ.

“ತಿಂದ್ಬುಡ್ತು! ಅಜ್ಜೀ, ಅಮ್ಮನ ಬೆರಳು ತಿಂದ್ಬುಡ್ತು!” ಎಂದು ಕಿರುಚಿದಳು.

ಸೌಜನ್ಯ ಗಾಬರಿಯಿಂದ ಕುಕ್ಕರಿಸಿದಳು. “ಯಾವುದು ಪುಟ್ಟೀ? ಯಾವುದು ತಿಂತು?”

“ಮೊಸಳೆ! ಓಗ್ಬ್ಯಾಡ ಅಂದ್ನಲ್ಲಾ! ಅಜ್ಜಿ ಯಾಕೆ ಗಟ್ಯಾಗಿ ಇಡ್ಕೊ ಅಂತು?”

ಚಿಕ್ಕಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು. “ಅಯ್ಯಯ್ಯೋ, ನನ್ ಬಾಯಿಗ್ ಮಣ್ಣಾಕ! ಮಗ ದಿಟದ ಮೊಸಳೆ ಅನ್ಕಂಡದಲ್ಲಪ್ಪಾ!” ಮೋಹನ್‌ಕುಮಾರ್ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಸೌಜನ್ಯ ಅಳುತ್ತ ನಗುತ್ತ ಪಟ್ಟಿ ಬಿಚ್ಚಿ ಹೆಬ್ಬೆರಳು ತೋರಿಸಿದಳು. ಧನ್ಯಾ ಮುಟ್ಟಿ ನೋಡಿ, ಬಿಕ್ಕುತ್ತಲೇ, “ಹತ್ತು” ಎಂದಳು.

ತನ್ನ ಮೇಲಿನ ಮುನಿಸೆಂದು ತಾಯಿ ಎಣಿಸಿದ್ದಳು. ಈ ಬೆರಳುದ್ದದ ಹುಡುಗಿ ಒಂದು ರಾಗಿಹಿಟ್ಟಿನ ಡಬ್ಬ ನಂಬಿಕೊಂಡು ಆರು ದಿನ ಒಬ್ಬಳೇ ಮೊಸಳೆಯಿಂದ ತಾಯಿಯನ್ನು ಕಾದಿದ್ದಳು. ಸೌಜನ್ಯಳಿಗೆ ಎದೆಯ ಮೇಲಿನ ಕಲ್ಲು ಇಳಿಸಿಟ್ಟಂತಾಯಿತು. ಬ್ಯಾಗಿನಿಂದ ಜಾರಿ ಬಿದ್ದ ಕಾಗದ ಎತ್ತಿ ಅತ್ತೆ ಕೇಳಿದರು, “ಇದೇನವ್ವಾ?”

“ಏನಿಲ್ಲ ಅತ್ತೆ. ನೀರೊಲೆಗೆ ಹಾಕಿ.”

ಭಾನುವಾರ ಗಂಡ, ಹೆಂಡತಿ, ಮಗು ಮೂವರೂ ಬೈಕಿನಲ್ಲಿ ಮೊಸಳೆಗೆ ಹೋದರು. ಅಕ್ಕಪಕ್ಕ ನಿಂತ ಎರಡು ಗುಡಿ, ಬಿಸಿಲಿಗೆ ಒಣಹಾಕಿದ ರಾಗಿ, ಆಸ್ಪತ್ರೆಯ ಜಗಲಿ, ಎಲ್ಲವನ್ನೂ ಧನ್ಯಾ ಅಪ್ಪನ ಹೆಗಲ ಮೇಲಿಂದಲೇ ತನಿಖೆ ಮಾಡಿದಳು. ಕೆಳಗಿಳಿದದ್ದು ಗುಡಿಯ ಮುಂದೆ. ಅಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಸಣ್ಣಯ್ಯ ಎಂಬ ಮುದುಕನನ್ನು ಕೇಳಿದಳು.

“ತಾತಾ, ಮೊಸಳೆ ಎಲ್ಲೈತೆ?”

“ನೀನು ನಿಂತಿರಾದೇ ಮೊಸಳೆ ಮ್ಯಾಲೆ ಕಣವ್ವಾ.”

ಧನ್ಯಾ ತಟ್ಟನೆ ಒಂದು ಕಾಲೆತ್ತಿ ನೆಲ ನೋಡಿದಳು. ಬರೀ ಮಣ್ಣು. ಕಾಲು ಊರಿ, ಇನ್ನೊಂದು ಸಲ ಜೋರಾಗಿ ತುಳಿದಳು.

ಸೋಮವಾರ ಬೆಳಿಗ್ಗೆ ಬಚ್ಚಲ ಹಂಡೆಯ ಹಿಂದಿನಿಂದ ಅಮ್ಮನ ಚಪ್ಪಲಿ ತಾನಾಗಿಯೇ ಹೊರಬಂತು. ಗೇಟಿನಲ್ಲಿ ಟಾಟಾ ಆಯಿತು. “ನಮ್ಮಮ್ಮ ಮೊಸಳೆಗೆ ಓಯ್ತದೆ. ಅದು ಕಚ್ಚಾಕಿಲ್ಲ” ಎಂದು ನೀಲಾಂಬಿಕೆಯವರಿಗೂ ಒಂದು ಮಾತು ತಿಳಿಸಿದ್ದಾಯಿತು.

ಸಂಜೆ ಆರಕ್ಕೆ ಸೌಜನ್ಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಳು. ಧನ್ಯಾ ಅಂಗಳದಲ್ಲಿ ಕುಂಟೆಬಿಲ್ಲೆಯಲ್ಲಿದ್ದವಳು “ಬಂದ್ಯಾ?” ಎಂದಷ್ಟೇ ಹೇಳಿ ಮತ್ತೆ ಕುಂಟತೊಡಗಿದಳು. ಸೌಜನ್ಯಳಿಗೆ ಸ್ವಲ್ಪ ಬೇಜಾರೇ ಆಯಿತು.

“ಹತ್ತೂ ಇವೆ ಕಣೇ” ಎಂದಳು, ಕೇಳದಿದ್ದರೂ.