ಮೋಟರಿನ ಹತ್ತು ನಿಮಿಷ

ಹೊಲಿಗೆ ಮಿಷನ್ನಿನ ಆ ಹಳೇ ಮೋಟರಿಗೆ ಒಂದು ಗಂಟೆ ಓಡಿದರೆ ಹತ್ತು ನಿಮಿಷ ಬಿಡುವು ಕೊಡಲೇಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಇದು ಅಂಗಡಿಯಲ್ಲಿ ಅಕ್ಕ ಮಾಡಿದ ಕಾನೂನು. ಮೋಟರಿಗೆ ಮಾತ್ರ. ಆ ಹತ್ತು ನಿಮಿಷ ಅಕ್ಕತಂಗಿಯರಿಬ್ಬರೂ ಕೈಹೊಲಿಗೆಗೆ ಕೂರುತ್ತಿದ್ದರು. ಕಬ್ಬಿಣಕ್ಕಿರುವ ಯೋಗ ಮನುಷ್ಯರಿಗೆಲ್ಲಿ ಬರಬೇಕು!

ಎದೆ ಹಿಡಿದಂತಾಗುತ್ತದೆ ಎಂದು ಅಕ್ಕ ಹೇಳಿದ್ದು ಒಂದೇ ಸಲ. ಆಸ್ಪತ್ರೆಗೆ ಹೋಗೋಣವೇ ಎಂದು ತಂಗಿ ಕೇಳಿದರೆ, ಈ ಮೂಟೆ ಮುಗಿಯಲಿ ಎಂದಳು. ತಂಗಿಯೂ ಹೂಂ ಎಂದು ಹೊಲಿಯುತ್ತ ಕೂತಳು. ಸಂಜೆಗೆ ಮೂಟೆ ಮುಗಿಯಿತು, ಅಕ್ಕನೂ ಮುಗಿದಳು. ಆ ಮೂಟೆಯಲ್ಲಿದ್ದದ್ದು ಆಸ್ಪತ್ರೆಯ ರೋಗಿಗಳು ತೊಡುವ ನಿಲುವಂಗಿಗಳೇ.

ಅಕ್ಕನನ್ನು ಕಳಿಸಿಕೊಟ್ಟ ಮೂರನೇ ದಿನವೇ ತಂಗಿ ಅಂಗಡಿಯ ಬಾಗಿಲು ತೆಗೆದಳು. ಐದು ತಿಂಗಳಿಂದ ಇಬ್ಬರ ಕೆಲಸ ಒಬ್ಬಳ ಮೈಮೇಲೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಗಟ್ಟಿಗಿತ್ತಿ ಎಂದು ಬೀದಿಯವರೆಲ್ಲ ಹೊಗಳಿದರು. ಹೊಗಳುವುದಕ್ಕೇನು, ಬಾಯಿಗೆ ಬಾಡಿಗೆ ಕೊಡಬೇಕೇ? ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಹೀಗೇ ಆದರೆ ಸೂಜಿ ಹಿಡಿಯುವ ಆಸೆ ಬಿಟ್ಟುಬಿಡು ಎಂದು ಡಾಕ್ಟರು ಎಚ್ಚರಿಸಿದರು. ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಮೊನ್ನೆ ಹದಿನೇಳು ನಿಲುವಂಗಿಗಳ ತೋಳಿನ ಬಾಯಿಯನ್ನೇ ಮುಚ್ಚಿ ಹೊಲಿದಿಟ್ಟಳು. ಕೈ ತೂರಿಸಲು ದಾರಿಯೇ ಇಲ್ಲ. ಅಂಗಡಿ ಶುರುವಾದಾಗಿನಿಂದ ಮೂಲೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಮಾಡುವ ಮುದುಕ ಒಂದನ್ನು ಎತ್ತಿ ನೋಡಿ, ಇದನ್ನು ತೊಡಿಸಿದರೆ ನಾಡಿ ಹಿಡಿಯುವುದೆಲ್ಲಿ ಎಂದು ಕೇಳಿದ. ಅವಳು ನಗಲಿಲ್ಲ. ಕಣ್ಣಿದ್ದೂ ಕುರುಡಿ, ಕೂಳಿಗೆ ದಂಡ, ಭೂಮಿಗೆ ಭಾರ ಎಂದು ತನ್ನನ್ನು ತಾನೇ ಬೈದುಕೊಳ್ಳತೊಡಗಿದಳು. ಹಗೆಯವರಿಗೂ ಯಾರೂ ಹಾಗೆ ಬೈಯುವುದಿಲ್ಲ. ಮುದುಕ ನಿಲುವಂಗಿ ಕೆಳಗಿಟ್ಟ.

ಅಷ್ಟರಲ್ಲಿ ಮೋಟರಿಗೆ ಗಂಟೆ ತುಂಬಿತು. ಅದನ್ನು ಆರಿಸಿ, ಬಿಸಿಯಾಗಿದೆ ಪಾಪ ಎಂದು ಸವರಿ, ರೂಢಿಯಂತೆ ಅವಳು ಕೈಸೂಜಿ ಎತ್ತಿಕೊಂಡಳು. ಮುದುಕ ಬಂದು ಸೂಜಿ ಕಿತ್ತುಕೊಂಡ.

"ನಿಮ್ಮಕ್ಕ ಹೀಗೆ ಹೊಲಿದಿದ್ರೆ ಏನಂತಿದ್ದೆ?"

"ಹೋಗ್ಲಿ ಬಿಡಕ್ಕ, ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ ಅಂತಿದ್ದೆ."

ಅಂದವಳು ಅಕ್ಕ ಕೂರುತ್ತಿದ್ದ ಜಾಗದ ಕಡೆ ತಿರುಗಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ಆ ದಿನ ಅನ್ಲಿಲ್ಲ ತಾತ. ಅಂದಿದ್ರೆ ಇರ್ತಿದ್ಲೇನೋ. ಸುಮ್ನೆ ಕೂತ್ರೆ ಅದೇ ನೆನಪಾಗುತ್ತೆ."

"ನಾನೂ ಇಲ್ಲೇ ಇದ್ದೆ ಮಗಳೇ. ನಾನೂ ಅನ್ಲಿಲ್ಲ."

ಮುದುಕ ಸೂಜಿಯನ್ನು ದೂರ ಇಟ್ಟ. ಬ್ಲೇಡು ತೆಗೆದುಕೊಂಡು ಪಕ್ಕದಲ್ಲೇ ಕೂತು, ಮುಚ್ಚಿದ ತೋಳುಗಳ ಹೊಲಿಗೆ ಬಿಚ್ಚತೊಡಗಿದ. ಅವಳ ಕೈಗಳು ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದುಕೊಂಡಿದ್ದವು. ಐದು ತಿಂಗಳು ತಡೆದಿಟ್ಟ ಅಳು ಒಂದೇ ಸಲ ನುಗ್ಗಿತು. ಅಕ್ಕಾ ಅಕ್ಕಾ ಎಂದು ಚಿಕ್ಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತಳು. ಮುದುಕ ತಲೆ ಎತ್ತಲಿಲ್ಲ, ಬ್ಲೇಡು ನಿಲ್ಲಿಸಲೂ ಇಲ್ಲ.

ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಯಾವಾಗಲೋ ದಾಟಿ ಅರ್ಧ ಗಂಟೆಯಾಗಿತ್ತು. ಅವಳು ಕಣ್ಣೊರೆಸಿಕೊಂಡು ಸ್ವಿಚ್ಚಿಗೆ ಕೈ ಚಾಚಿದಳು. ಮುದುಕ ಮೋಟರಿನ ಮೇಲೆ ಅಂಗೈ ಇಟ್ಟು ನೋಡಿದ. ಅದು ಆಗಲೇ ತಣ್ಣಗಾಗಿತ್ತು.

"ಇನ್ನೂ ಬಿಸಿ ಇದೆ," ಎಂದ. "ಕೂತಿರು."