ಇದ್ದಿಲಿನ ಮೈಮೇಲಿನ ಪಟ್ಟೆ

ನಾಯಿ ಕ್ಲಬ್ಬಿನ ಪರೀಕ್ಷಕಿ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಗೇಟು ತೆಗೆದ ಮುದುಕನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಪ್ರಪಂಚದಲ್ಲಿ ಇಷ್ಟೊಂದು ಬಣ್ಣಗಳಿವೆ, ನಾಯಿ ನೋಡಲು ಬರುವವರಿಗೆ ಬಿಳಿಯೇ ಬೇಕಿತ್ತೇ? ಅವನು ನಾಯಿಮರಿ ಇದ್ದಿಲಿನ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

ಇದ್ದಿಲು ಎಂದರೆ ಬಾಕ್ಸರ್ ಜಾತಿಯ ಗಂಡುಮರಿ. ಈ ಜಾತಿಯ ನಾಯಿಗಳಿಗೆ ಸಂತೋಷ ಬಾಲದಲ್ಲಿ ನಿಲ್ಲುವುದಿಲ್ಲ. ನಡು ಬಾಗಿಸಿ, ಇಡೀ ಮೈ ಕುಣಿಸಿ, ಬಂದವರ ಕಾಲಿಗೆ ಉಜ್ಜಿಕೊಂಡು, ಒಂದಿಷ್ಟು ಜೊಲ್ಲು ಬಳಿದ ಮೇಲೆಯೇ ಸಮಾಧಾನ. ಬೇರೆ ದಿನವಾಗಿದ್ದರೆ ಮುದುಕ ನೋಡಿ ನಗುತ್ತಿದ್ದ. ಇವತ್ತು ಉಜ್ಜಿಕೊಂಡರೆ ಕೆಲಸ ಕೆಟ್ಟಿತು. ಮರಿಯ ಮೈಮೇಲಿದ್ದ ಕಂದು ಪಟ್ಟೆಗಳನ್ನು ಬೆಳಿಗ್ಗೆ, ಸೊಸೆ ಹಾಲು ತರಲು ಹೋದ ಹೊತ್ತಿನಲ್ಲಿ, ಅವನೇ ಕುಂಚ ಹಿಡಿದು ಬರೆದಿದ್ದ.

ಸೊಸೆಗೆ ಇದು ಗೊತ್ತಿಲ್ಲ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ, ಹಿಂದಿನ ಅಂಗಳದಲ್ಲಿ ಇದ್ದಿಲಿನ ತಾಯಿ ಬುಗುರಿಯನ್ನು ಸಾಕಿದ್ದಾಳೆ. ಬುಗುರಿಗೆ ಹುಲಿಪಟ್ಟೆಯ ಮೈ. ಅದನ್ನು ಬೇಕರಿಯವನ ಜಿಂಕೆ ಬಣ್ಣದ ಬಾಕ್ಸರಿಗೆ ಕೂಡಿಸಿದ್ದಳು. ಹುಟ್ಟಿದ ಮರಿಗಳೆಲ್ಲ ಅಪ್ಪನನ್ನೋ ಅಮ್ಮನನ್ನೋ ಹೋತವು, ಇದೊಂದು ಮಾತ್ರ ಡಾಂಬರಿನಷ್ಟು ಕಪ್ಪಾಗಿ ಬಂತು. ಬೇಕರಿಯವನು ಕೆಂಡವಾದ. "ಅಸಲಿ ಬಾಕ್ಸರಲ್ಲಿ ಕಪ್ಪು ಅನ್ನೋ ಬಣ್ಣವೇ ಇಲ್ಲ. ನಿಮ್ಮ ನಾಯಿ ಬೀದಿ ಸುತ್ತಿ ಬಂದು ನನ್ನ ನಾಯಿ ತಲೆಗೆ ಕಟ್ಟಿದೆ" ಎಂದು ಕ್ಲಬ್ಬಿಗೆ ದೂರು ಕೊಟ್ಟ.

ಸೊಸೆ ಜಗ್ಗಲಿಲ್ಲ. "ಬೆದೆಗೆ ಬಂದಾಗ ಬುಗುರಿ ಗೇಟು ದಾಟಿಲ್ಲ, ಇದು ನನ್ನ ಮಾತು. ಮರಿ ಕಪ್ಪಲ್ಲ, ಪಟ್ಟೆ ಒತ್ತೊತ್ತಾಗಿ ಬಂದು ಹಾಗೆ ಕಾಣತ್ತೆ. ಬೇಕಾದ್ರೆ ಬಂದು ನೋಡಿ" ಎಂದಿದ್ದಳು. ಅದಕ್ಕೇ ಪರೀಕ್ಷಕಿ ಬಂದಿದ್ದು. ಪಟ್ಟೆ ಕಂಡರೆ ಎಲ್ಲ ಮರಿಗಳಿಗೂ ಜಾತಿಯ ಕಾಗದ. ಕಾಣದಿದ್ದರೆ ಒಂದಕ್ಕೂ ಇಲ್ಲ, ಸುಳ್ಳು ಹೇಳಿದವಳು ಎಂದು ಸೊಸೆಯ ಹೆಸರನ್ನೂ ಹೊಡೆದುಹಾಕುತ್ತಾರೆ.

"ಬಿಸಿಲಲ್ಲಿ ನೋಡಿ ಮಾವ, ಕಾಣತ್ತೆ" ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಅವನು ನೋಡಿದ್ದ. ಅವನ ಮಂಜುಗಣ್ಣಿಗೆ ಕಂಡದ್ದು ಬರೀ ಕಪ್ಪು. ಪಾಪ, ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡ. ಹಾಗೆ ಅಂದುಕೊಳ್ಳಲು ಅವನಿಗೆ ಕಾರಣವೂ ಇತ್ತು. ಬುಗುರಿ ಬೆದೆಗೆ ಬಂದಿದ್ದ ವಾರ, ಒಂದು ಮಧ್ಯಾಹ್ನ, ಗೇಟಿನ ಚಿಲಕ ಹಾಕದೆ ನಿದ್ದೆ ಹೋಗಿದ್ದ. ಎಚ್ಚರವಾದಾಗ ಬುಗುರಿ ಬೀದಿಯ ತುದಿಯಲ್ಲಿತ್ತು. ಎಳೆದು ತಂದು ಕಟ್ಟಿದ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಒಂದು ದಿನದ ಬೈಗುಳದಲ್ಲಿ ಮುಗಿಯುತ್ತಿತ್ತು. ಈಗ ಅದು ಬೆಳೆದು ಬೆಳೆದು ಅವಳ ಮಾನಕ್ಕೇ ಬಂದು ಕೂತಿತ್ತು.

"ಅಜ್ಜಾ, ಹಗ್ಗ ಸ್ವಲ್ಪ ಸಡಿಲ ಬಿಡಿ" ಎಂದರು ಪರೀಕ್ಷಕಿ.

"ಕಚ್ಚತ್ತೆ ಮೇಡಂ."

ಸೊಸೆ ಕಣ್ಣರಳಿಸಿದಳು. "ಯಾರಿಗೆ ಮಾವ ಕಚ್ಚಿದೆ ಇದು? ಕಳ್ಳ ಬಂದ್ರೂ ಮೂತಿ ನೆಕ್ಕೋ ಪ್ರಾಣಿ!"

ಪರೀಕ್ಷಕಿ ನಕ್ಕರು, ಮುದುಕ ನಗಲಿಲ್ಲ. ಅವರು ಮಂಡಿಯೂರಿ ಕೂತು ಮರಿಯ ದವಡೆ ಬಿಡಿಸಿ ನೋಡಿದರು, ಎದೆ ಮುಟ್ಟಿದರು. ಇದ್ದಿಲು ಕುಣಿಯಲು ಶುರುಮಾಡಿತು. ಮುದುಕ ಹಗ್ಗ ಜಗ್ಗಿದ, ಅದು ಇನ್ನೂ ಜಗ್ಗಿತು.

ಅವರು ಎಡಗಡೆ ನೋಡಿದರು. ಎದ್ದು ಬಲಗಡೆಗೆ ಬಂದು ನೋಡಿದರು. ಮತ್ತೆ ಎಡಗಡೆಗೆ ಹೋದರು.

"ಹುಲಿಪಟ್ಟೆ ನಾಯಿಗಳನ್ನ ಬೇಕಾದಷ್ಟು ನೋಡಿದೀನಿ" ಎಂದರು ನಿಧಾನವಾಗಿ. "ಆದ್ರೆ ಈ ಕಡೆ ಎಷ್ಟೋ ಆ ಕಡೆನೂ ಅಷ್ಟೇ, ಅಳತೆ ಹಿಡಿದ ಹಾಗೆ ಪಟ್ಟೆ ಇರೋ ನಾಯಿ ಇದೇ ಮೊದಲು."

ಮುದುಕ ಹಗ್ಗ ಹಿಡಿದ ತನ್ನ ಕೈಯನ್ನು ನೋಡಿಕೊಂಡ. ಆಯುಷ್ಯವೆಲ್ಲ ಲಾರಿಗಳಿಗೆ ಬಣ್ಣ ಬಳಿದವನು ಅವನು. ಎಡಬಾಗಿಲಿಗೆ ಎಳೆದ ಗೆರೆ ಬಲಬಾಗಿಲಿಗೂ ಕೂದಲೆಳೆ ವ್ಯತ್ಯಾಸವಿಲ್ಲದೆ ಬರಬೇಕು, ಇಲ್ಲದಿದ್ದರೆ ಅವನ ಕೈಗೆ ಸಮಾಧಾನವಿಲ್ಲ. ಬೆಳಿಗ್ಗೆಯೂ ಆ ಹಾಳು ಕೈ ತನ್ನ ಬುದ್ಧಿ ಬಿಟ್ಟಿರಲಿಲ್ಲ.

ಪರೀಕ್ಷಕಿ ಕರವಸ್ತ್ರ ಒದ್ದೆ ಮಾಡಿ ಒಂದು ಪಟ್ಟೆಯ ಮೇಲೆ ಎಳೆದರು. ಬಟ್ಟೆ ಕಂದಾಯಿತು. ಅದನ್ನು ಸೊಸೆಯ ಮುಂದೆ ಹಿಡಿದರು.

ಸೊಸೆಯ ಕಣ್ಣು ಕರವಸ್ತ್ರದಿಂದ ಮಾವನ ಉಗುರುಗಳಿಗೆ ಹೋಯಿತು. ಉಗುರಿನ ಸಂದಿಯಲ್ಲಿ ಅದೇ ಬಣ್ಣ.

"ಇದು ನಿಮ್ಮ ಕೆಲಸಾನಾ?" ಎಂದು ಪರೀಕ್ಷಕಿ ಅವಳನ್ನು ಕೇಳಿದರು.

ಅವಳು ಮಾವನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ಪರೀಕ್ಷಕಿ ಚೀಲದ ಜಿಪ್ ಎಳೆದರು. "ಬಣ್ಣ ಹಚ್ಚಿ ತೋರಿಸಿದ ಮೇಲೆ ನಾನು ನೋಡೋದಕ್ಕೆ ಇನ್ನೇನಿದೆ? ಬರ್ತೀನಿ."

"ನಾನು ಮಾಡಿದ್ದು" ಎಂದ ಮುದುಕ. "ಅವಳಿಗೆ ಗೊತ್ತಿಲ್ಲ ಮೇಡಂ. ನಾಯಿ ಒಂದು ಮಧ್ಯಾಹ್ನ ಹೊರಗೆ ಹೋಗಿತ್ತು. ಗೇಟು ಹಾಕದೆ ಮಲಗಿದ್ದೋನು ನಾನು. ಅದೂ ಅವಳಿಗೆ ಗೊತ್ತಿಲ್ಲ. ಅವಳು ಸುಳ್ಳು ಹೇಳಿಲ್ಲ."

ಸೊಸೆ ಅವನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ ನೋಟವನ್ನು ತಡೆದುಕೊಳ್ಳಲಾಗಲಿಲ್ಲ.

ಪರೀಕ್ಷಕಿ ಚೀಲ ಕೆಳಗಿಟ್ಟು, "ತೊಳೀರಿ" ಎಂದರು.

ನಲ್ಲಿಯ ಕೆಳಗೆ ಮುದುಕನೇ ತೊಳೆದ. ಕಂದು ನೀರು ಹರಿದು ಹೋಯಿತು. ಒದ್ದೆ ಮರಿ ಮೊದಲಿಗಿಂತ ಕಪ್ಪಾಗಿ ಕಂಡಿತು. ಮೂವರೂ ಅಂಗಳದಲ್ಲಿ ಅದರ ಮೈ ಒಣಗುವುದನ್ನೇ ಕಾಯುತ್ತ ಕೂತರು. ಮೋಡ ಬಂದು ಬಿಸಿಲನ್ನು ಮುಚ್ಚಿತು. ಇದ್ದಿಲಿಗೆ ಮಾತ್ರ ಹಬ್ಬ, ಕೊನೆಗೂ ಬಿಳಿ ಪ್ಯಾಂಟಿಗೆ ಮನಸಾರೆ ಉಜ್ಜಿಕೊಂಡಿತು.

ಮೋಡ ಸರಿಯಿತು. ಪರೀಕ್ಷಕಿ ಮರಿಯ ತೊಡೆಯ ಕೂದಲನ್ನು ಹೆಬ್ಬೆರಳಿನಿಂದ ಹಿಂದಕ್ಕೆ ನೀವಿದರು. "ಅಜ್ಜಾ, ಕನ್ನಡಕ ಒರೆಸಿಕೊಂಡು ಬನ್ನಿ ಇಲ್ಲಿ."

ಅವನು ಬಗ್ಗಿದ. ಕಪ್ಪಿನ ನಡುವೆ ನೂಲಿನಷ್ಟು ಸಣ್ಣ ಕಂದು ಗೆರೆಗಳು. ಒಂದು ಮೇಲೆ ಹೋಗಿ ಅರ್ಧಕ್ಕೇ ನಿಂತಿತ್ತು, ಇನ್ನೊಂದು ಸೊಟ್ಟಗೆ ತಿರುಗಿತ್ತು. ಅವನು ಯಾವತ್ತೂ ಎಳೆಯದಂಥ ಗೆರೆಗಳು. ಬಗ್ಗಿದವನಿಗೆ ತಲೆ ಎತ್ತಲು ನಾಚಿಕೆಯಾಯಿತು.

"ಹುಲಿಪಟ್ಟೆಯೇ. ಬೀದಿ ನಾಯಿಯ ಗುರುತು ಒಂದೂ ಇಲ್ಲ" ಎಂದರು ಪರೀಕ್ಷಕಿ. "ನಿಮ್ಮ ಸೊಸೆ ಹೇಳಿದ್ದು ನಿಜ. ಎಲ್ಲಾ ಮರಿಗಳಿಗೂ ಕಾಗದ ಬರತ್ತೆ. ಬಣ್ಣದ ವಿಷಯ ಇಲ್ಲಿಗೆ ಬಿಡ್ತೀನಿ."

ಅವರನ್ನು ಕಳಿಸಿ ಮುದುಕ ಗೇಟು ಮುಚ್ಚಿದ, ಚಿಲಕ ಹಾಕಿದ. ಸೊಸೆ ಮರಿಯ ಮೈ ಒರೆಸುತ್ತ ಮೆಟ್ಟಿಲ ಮೇಲೆ ಕೂತಿದ್ದಳು.

"ತಪ್ಪಾಯ್ತಮ್ಮ" ಎಂದ.

"ಊಟಕ್ಕೆ ನಡೀರಿ ಮಾವ, ಹೊತ್ತಾಯ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಜೀವ ಹಗುರಾಯಿತು, ಒಳಗೆ ಹೋಗಲು ತಿರುಗಿದ.

ಬಾಗಿಲಲ್ಲಿ ನಿಂತು ಹಿಂದೆ ನೋಡಿದಾಗ ಸೊಸೆ ಗೇಟಿನ ಹತ್ತಿರ ಇದ್ದಳು. ಅವನು ಹಾಕಿದ ಚಿಲಕವನ್ನು ಕೈಯಿಂದ ಅಲ್ಲಾಡಿಸಿ, ಬಿದ್ದಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡುತ್ತಿದ್ದಳು. ಈ ಮನೆಗೆ ಬಂದ ಮೇಲೆ ಅವಳು ಹಾಗೆ ಮಾಡಿದ್ದನ್ನು ಅವನು ನೋಡಿರಲಿಲ್ಲ.