ಇಸಾಕೊನ ಪಾಲು

ಇಸಾಕೊ ಮೀನು ಹಿಡಿಯಲು ಹೋದವನು ಮರಳಲಿಲ್ಲ. ಹುಡುಕಲು ವಿಮಾನವೂ ಬಂತು, ನುಕುನೊನು ದ್ವೀಪದ ಸುತ್ತ ಗಿರಕಿ ಹೊಡೆದು ಬಂದ ದಾರಿ ಹಿಡಿಯಿತು. ಊರಿಗೆಲ್ಲ ವಿಷಯ ಗೊತ್ತು. ಆದರೂ ಅವನ ಪಾಲಿನ ಮೀನು ಮಾತ್ರ ತಪ್ಪದೆ ಮನೆಗೆ ಬರುತ್ತಿತ್ತು.

ಕಾರಣ ಅವನ ತಾಯಿ ಸಲೋಮೆ. ಕಣ್ಣು ಹೋದ ಮುದುಕಿ, ನಾಲಿಗೆ ಮಾತ್ರ ಕತ್ತಿ. ಪಾದ್ರಿಗಳು ಬಂದು ಸತ್ತವನಿಗಾಗಿ ಪ್ರಾರ್ಥನೆ ಇಟ್ಟುಕೊಳ್ಳೋಣವೆಂದಾಗ, "ಹೆಣ ತಂದು ತೋರ್ಸಿ, ಆಮೇಲೆ ಅಳ್ತೀನಿ" ಎಂದು ಬೆನ್ನು ತಿರುಗಿಸಿ ಕೂತಿದ್ದಳು. ದೋಣಿಗಳು ತಂದ ಮೀನೆಲ್ಲ ಇಲ್ಲಿ ಊರಿನದು. ದಂಡೆಯಲ್ಲಿ ಸುರಿದು ತಲೆ ಎಣಿಸಿ ಹಂಚುತ್ತಾರೆ. ಅಂಗಡಿಯ ಅಕ್ಕಿಗೆ, ಡಬ್ಬಿ ಮಾಂಸಕ್ಕೆ ಇಲ್ಲಿ ನಡೆಯುವ ನ್ಯೂಜಿಲೆಂಡಿನ ದುಡ್ಡು ಬೇಕು. ಮೀನಿಗೆ ಬದುಕಿದ್ದರೆ ಸಾಕು. ಹೀಗಾಗಿ ಮುದುಕಿಯ ಲೆಕ್ಕ ನೇರ: ಪಾಲು ಬರುತ್ತಿದೆ, ಅಂದಮೇಲೆ ಮಗ ಇದ್ದಾನೆ. ಬುಟ್ಟಿಗೆ ಕೈಹಾಕಿ ಮೂವರ ಪಾಲಿನ ಮೀನೂ ತಡವಿ ನೋಡದೆ ಅವಳು ಊಟಕ್ಕೆ ಕೂರುತ್ತಿರಲಿಲ್ಲ. ಅವಳ ಎದುರು ಬಾಯಿ ಬಿಡುವ ಗಂಡಸು ಊರಲ್ಲಿ ಹುಟ್ಟಿರಲಿಲ್ಲ ಬಿಡಿ.

ಸೊಸೆ ಲೆಪೆಕಾಗೆ ಏನೂ ಅನ್ನಿಸುತ್ತಿರಲಿಲ್ಲ. ಅಳುವಿಲ್ಲ, ಹಸಿವಿಲ್ಲ. ತೆಂಗಿನಕಾಯಿ ತುರಿಯುವಳು, ಚಾಪೆ ಕೊಡವುವಳು. ಯಾರಾದರೂ "ಹೇಗಿದೀಯೆ?" ಎಂದರೆ "ಇದೀನಿ" ಎನ್ನುವಳು. ಗಂಡನ ಪಾಲಿನ ಮೀನನ್ನು ಸುಟ್ಟು ಎತ್ತಿಡುವಳು, ಬೆಳಗಾದರೆ ಹಂದಿಗೆ ಹಾಕುವಳು.

ಆ ಶನಿವಾರ ಮೀನು ಕಡಿಮೆಯೇ ಬಂದಿತ್ತು.

"ಏನ್ರೋ, ನಿಮ್ ಮುಖ ನೋಡಿ ಮೀನೆಲ್ಲ ಸಮೋವಾಕ್ಕೆ ಓಡಿಹೋದ್ವಾ?" ಎಂದು ಹೆಂಗಸರು ದೋಣಿಯವರನ್ನು ಆಡಿಕೊಂಡರು.

"ಹೂಂ, ನಮ್ ಹುಡುಗ್ರ ಹಾಗೆ ಅವಕ್ಕೂ ಅಲ್ಲಿ ಕೆಲ್ಸ ಸಿಗತ್ತಂತೆ!" ಎಂದ ದೋಣಿಯವನೊಬ್ಬ.

ಪಾಲು ಹಂಚುವ ಮುದುಕ ಪೆನಿ ಎಣಿಸಿ ನೋಡಿದ. ತಲೆಗೊಂದು, ಸರಿಹೋಗುತ್ತದೆ. ಒಂದೊಂದು ಮನೆಯ ಹೆಸರು ಕೂಗುತ್ತ ಹಂಚಿ ಮುಗಿಸಿದ. ಅಷ್ಟರಲ್ಲಿ ಊರಿನ ಹಿರಿಯ ಹೆಂಗಸು ಮೆಲೆ ಏದುಸಿರು ಬಿಡುತ್ತ ಬಂದಳು.

"ತಡಿಯೋ ಪೆನಿ! ನಮ್ಮನೇಲಿ ಇನ್ನೊಂದು ತಲೆ ಆಯ್ತು. ನನ್ ಮಗಳು ಈಗಷ್ಟೇ ಹೆತ್ತಳು, ಗಂಡು! ಹಲ್ಲಿಲ್ದೇ ಇದ್ರೇನು, ಪಾಲಿಲ್ವಾ?"

ಎಲ್ಲರೂ ನಕ್ಕರು. ಪೆನಿ ನಗುತ್ತಲೇ ಕೆಳಗೆ ನೋಡಿದ. ಬರೀ ಮರಳು. ನಗು ನಿಂತಿತು. ಊರಲ್ಲಿ ಹೆಚ್ಚಿಗೆ ಒಂದು ಮೀನು ಯಾರ ಬುಟ್ಟಿಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಬುಟ್ಟಿ ಹಿಡಿದು ನಿಂತಿದ್ದ ಲೆಪೆಕಾಳ ಕಡೆ ಯಾರೂ ನೋಡಲಿಲ್ಲ.

"ನಂದೇ ತಗೋ," ಎಂದ ಪೆನಿ.

"ಬೇಡಪ್ಪ. ಮಗೂಗಿದು ಮೊದಲ್ನೇ ಪಾಲು. ಇನ್ನೊಬ್ರ ಬಾಯಿಂದ ಕಿತ್ತದ್ದು ಬೇಡ."

ಲೆಪೆಕಾ ತನ್ನ ಬುಟ್ಟಿಯಿಂದ ಒಂದು ಮೀನು ತೆಗೆದಳು. ಬೇರೆ ಯಾರದೋ ಕೈ ತೆಗೆದಂತಿತ್ತು.

"ಇದು ಯಾರ ಬಾಯಿದೂ ಅಲ್ಲ ಚಿಕ್ಕಮ್ಮ. ತಗೊಳ್ಳಿ."

ಮೆಲೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಪೆನಿ ಟೋಪಿ ತೆಗೆದು ಸಮುದ್ರದ ಕಡೆ ತಿರುಗಿ ನಿಂತ.

ಮನೆಯಲ್ಲಿ ಸಲೋಮೆ ಬುಟ್ಟಿಗೆ ಕೈಹಾಕಿದಳು. ಒಂದು. ಎರಡು. ಬುಟ್ಟಿಯ ತಳವನ್ನೆಲ್ಲ ಸವರಿದಳು.

"ಪೆನಿಗೆ ಮರೆವು ಬಂತಾ?"

"ಇಲ್ಲ ಅತ್ತೆ."

"ದಾರೀಲಿ ಬೀಳಿಸ್ಕೊಂಡ್ಯಾ?"

"ಇಲ್ಲ. ಮೆಲೆ ಚಿಕ್ಕಮ್ಮಂಗೆ ಮೊಮ್ಮಗ ಹುಟ್ಟಿದಾನೆ. ಅವನಿಗೆ ಕೊಟ್ಟೆ."

"ನನ್ ಮಗನ ಪಾಲು! ಯಾರನ್ನ ಕೇಳಿ ಕೊಟ್ಟೆ?"

"ಯಾರನ್ನ ಕೇಳ್ಬೇಕಿತ್ತು ಅತ್ತೆ?"

ಮುದುಕಿಯ ಕೈ ಬುಟ್ಟಿಯಲ್ಲೇ ಉಳಿಯಿತು. ಬೈಗುಳ ಬರುತ್ತದೆಂದು ಲೆಪೆಕಾ ಕಾದಳು. ಬರಲಿಲ್ಲ. ಸಲೋಮೆ ಎದೆ ಬಡಿದುಕೊಂಡು, ಸತ್ತವರ ಮನೆಯಲ್ಲಿ ಕರೆಯುವ ಹಾಗೆ, ಮಗನ ಹೆಸರು ಹಿಡಿದು ಕರೆದು ಅತ್ತಳು. ಅಕ್ಕಪಕ್ಕದ ಹೆಂಗಸರು ಇದಕ್ಕೇ ಕಾದಿದ್ದವರಂತೆ ಚಾಪೆ ಹಿಡಿದು ಒಬ್ಬೊಬ್ಬರೇ ಬಂದು ಕೂತರು.

ಲೆಪೆಕಾ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಎರಡೇ ಮೀನು. ಅವನ್ನೇ ಮತ್ತೆ ಮತ್ತೆ ತೊಳೆಯುತ್ತಾ ಕೂತಳು.